ಮಾಗಿ ಮೃದುವಾದರೆ ಆಲಿಕಲ್ಲು ಬೀಳುವುದೇ?

ಚಳಿಯ ದೇಶಗಳಲ್ಲಿ ಒಂದು ಹಳೆಯ ಪ್ರಶ್ನೆಯುಂಟು. ಚಳಿಗಾಲ ಅಷ್ಟೇನೂ ಕಾಡದೆ ಮೆಲ್ಲಗೆ ಸರಿದುಹೋಗುತ್ತಿದ್ದರೆ ಅಲ್ಲಿಯ ಜನ ಸಂತೋಷಪಡುವುದಿಲ್ಲ; ಬದಲಾಗಿ ಸಂದೇಹಪಡುತ್ತಾರೆ. ಋತು ತನ್ನ ಬಾಕಿಯನ್ನು ಕೊನೆಯಲ್ಲಿ ತೀರಿಸಿಕೊಳ್ಳಬಹುದೇ, ವಸಂತದ ಹೊಸ್ತಿಲಲ್ಲಿ ಹಿಮದ ಬಿರುಗಾಳಿ ಕಾದು ನಿಂತಿರಬಹುದೇ ಎಂಬುದು ಅವರ ಅಳುಕು. ಈ ಅಳುಕಿಗೆ ಆಧಾರವಿಲ್ಲದೆ ಇಲ್ಲ. 1888ರ ಮಾರ್ಚ್ ತಿಂಗಳ ಎರಡನೆಯ ವಾರ ನ್ಯೂಯಾರ್ಕ್ ನಗರದಲ್ಲಿ ಹವೆ ಹಿತವಾಗಿತ್ತು. ಮೊದಲು ಮಳೆ ಬಂದಿತು, ಬಳಿಕ ಆ ಮಳೆಯೇ ಹಿಮವಾಯಿತು. ಮೂರು ದಿನಗಳ ಆ ಬಿರುಗಾಳಿಗೆ ಅಮೆರಿಕದ ಪೂರ್ವ ತೀರದಲ್ಲಿ ನಾನೂರಕ್ಕೂ ಹೆಚ್ಚು ಮಂದಿ ಬಲಿಯಾದರು.

ನಮ್ಮ ಬೆಂಗಳೂರಿಗೆ ಹಿಮಪಾತದ ಮಾತು ಸಲ್ಲದು. ನಾವು 'ಹಿಮ ಬೀಳುತ್ತಿದೆ' ಎಂದರೆ ಅದು ಮುಂಜಾನೆಯ ಮಂಜು, ಹುಲ್ಲಿನ ಮೇಲಣ ಇಬ್ಬನಿ. ಈ ಊರಿನ ದಾಖಲೆಯಲ್ಲಿರುವ ಅತ್ಯಂತ ತಣ್ಣನೆಯ ದಿನ 1884ರ ಜನವರಿ 13. ಅಂದು ಉಷ್ಣಮಾನ 7.8 ಡಿಗ್ರಿ ಸೆಲ್ಸಿಯಸ್‌ಗೆ ಇಳಿದಿತ್ತು. ನೀರು ಹೆಪ್ಪುಗಟ್ಟುವ ಮಟ್ಟಕ್ಕೆ ಅದು ಇನ್ನೂ ಬಹು ದೂರ. ಆದರೂ ಆಕಾಶದಿಂದ ಮಂಜುಗಡ್ಡೆ ನಮ್ಮ ಅಂಗಳಕ್ಕೆ ಬೀಳುವುದುಂಟು. ಅದೂ ಚಳಿಗಾಲದ ನಡುವೆ ಅಲ್ಲ, ಚಳಿ ಶಿವಶಿವಾ ಎಂದು ಹೊರಟುಹೋದ ಮೇಲೆ. ಆದ್ದರಿಂದ ಆ ದೇಶದವರ ಪ್ರಶ್ನೆಯನ್ನು ನಮ್ಮ ಮಾತಿನಲ್ಲಿ ಹೀಗೆ ಕೇಳಿಕೊಳ್ಳಬಹುದು: ಮಾಗಿ ಮೃದುವಾಗಿ ಕಳೆದರೆ ಆ ವರ್ಷ ಆಲಿಕಲ್ಲಿನ ಮಳೆ ಹೆಚ್ಚೇ? ಶೇಷಾದ್ರಿಪುರದಲ್ಲಿ ಹೊದಿಕೆಯಿಲ್ಲದೆ ಮಲಗಿದ ಜನವರಿಯ ಅನಂತರ ನನ್ನ ನೆರೆಹೊರೆಯವರು ಇದನ್ನು ನನ್ನಲ್ಲಿ ಕೇಳಿದ್ದಾರೆ. ನಾನು ಭಾಷೆಯ ಪಾಠ ಹೇಳಿ ಬದುಕಿದವನು; ಆದಕಾರಣ ಪದದಿಂದ ಆರಂಭಿಸಿ ಪದಾರ್ಥಕ್ಕೆ ಹೋಗುತ್ತೇನೆ.

'ಆಲಿ' ಎಂಬುದು ಹಳೆಯ ದ್ರಾವಿಡ ಪದ. ತಮಿಳರ ಆಲಂಗಟ್ಟಿ, ಮಲಯಾಳಿಗಳ ಆಲಿಪ್ಪಳಂ, ನಮ್ಮ ಆಲಿಕಲ್ಲು, ಎಲ್ಲವೂ ಒಂದೇ ಬಳ್ಳಿಯವು. ಮಲಯಾಳಿಗೆ ಅದು ಹಣ್ಣು, ನಮಗೆ ಕಲ್ಲು. ಹಳೆಯ ಮೈಸೂರಿನ ಕಡೆ ಅದನ್ನೇ ಆನೆಕಲ್ಲು ಎನ್ನುತ್ತಾರೆ. ಬೆಂಗಳೂರಿನ ದಕ್ಷಿಣಕ್ಕಿರುವ ಆನೇಕಲ್ಲಿನ ಹೆಸರನ್ನು ಈ ಪದದಿಂದಲೇ ಬಿಡಿಸುವವರಿದ್ದಾರೆ. ಸಂಸ್ಕೃತದಲ್ಲಿ ಇದಕ್ಕೆ ಕರಕವೆಂದು ಹೆಸರು. ಮೇಘದೂತದ ಯಕ್ಷನು ಹಿಮಾಲಯದಲ್ಲಿ ಮೇಲೆ ನೆಗೆದು ಬರುವ ಶರಭಗಳನ್ನು ಕರಕವೃಷ್ಟಿಯಿಂದ ಚದುರಿಸೆಂದು ಮೋಡಕ್ಕೆ ಹೇಳುತ್ತಾನೆ. ಕವಿಗೆ ಅದು ಮೇಘದ ಆಯುಧ.

ರೈತನಿಗೆ ಅದು ಬೇರೆಯದೇ ಅನುಭವ. ಛಾಂದೋಗ್ಯೋಪನಿಷತ್ತಿನಲ್ಲಿ ಉಷಸ್ತಿ ಚಾಕ್ರಾಯಣನ ಕಥೆಯಿದೆ. ಕುರುದೇಶದ ಬೆಳೆ 'ಮಟಚೀ'ಗಳಿಂದ ಹಾಳಾಗಿ ಆ ವಿದ್ವಾಂಸನು ಪರರ ಎಂಜಲು ಕುಲ್ಮಾಷವನ್ನು ಬೇಡಿ ತಿನ್ನಬೇಕಾಯಿತು. ಮಟಚೀ ಎಂದರೇನು? ಶಂಕರಭಾಷ್ಯವು 'ಅಶನಿ' ಎಂದು ಅರ್ಥ ಹೇಳುತ್ತದೆ; ಅದನ್ನನುಸರಿಸಿ ಆಲಿಕಲ್ಲೆಂದು ಅನುವಾದಿಸಿದವರಿದ್ದಾರೆ. ಕನ್ನಡದ ಮಿಡಿಚೆ, ಅಂದರೆ ಮಿಡತೆ, ಇದಕ್ಕೆ ಬಲು ಹತ್ತಿರವೆಂದು ತೋರಿಸಿ, ಅದು ಮಿಡತೆಯ ಹಿಂಡೇ ಇರಬೇಕೆಂದು ವಾದಿಸಿದ ವಿದ್ವಾಂಸರೂ ಇದ್ದಾರೆ. ಈ ವಿವಾದದಲ್ಲಿ ನನ್ನ ಒಲವು ಮಿಡತೆಯ ಕಡೆಗೇ. ಆದರೆ ಗಮನಿಸಬೇಕಾದ ಸಂಗತಿ ಇನ್ನೊಂದು: ಒಂದೇ ಸಂಜೆಯಲ್ಲಿ ಹೊಲವನ್ನು ಬರಿದು ಮಾಡಿ ಪಂಡಿತನನ್ನೂ ಭಿಕ್ಷುಕನನ್ನಾಗಿಸುವ ಶಕ್ತಿ ಆಲಿಕಲ್ಲಿಗೆ ಉಂಟೆಂಬುದನ್ನು ಭಾಷ್ಯವನ್ನು ಓದಿದ ಯಾರೂ ಅಸಂಭವವೆಂದು ತಳ್ಳಿಹಾಕಲಿಲ್ಲ.

ಇನ್ನು ಈ ಕಲ್ಲು ಹುಟ್ಟುವ ಬಗೆ. ನಮ್ಮ ಅಕ್ಷಾಂಶದಲ್ಲಿ ನೆಲದಿಂದ ಮೇಲೇರುತ್ತ ಹೋದರೆ ಸುಮಾರು ಐದು ಕಿಲೋಮೀಟರ್ ಎತ್ತರದಲ್ಲಿ ಉಷ್ಣಮಾನ ಸೊನ್ನೆಗೆ ಇಳಿಯುತ್ತದೆ. ಬೇಸಗೆಯ ಗುಡುಗುಮೋಡ ಅದನ್ನೂ ದಾಟಿ ಹನ್ನೆರಡು, ಹದಿನೈದು ಕಿಲೋಮೀಟರ್‌ವರೆಗೆ ಗೋಪುರದಂತೆ ಬೆಳೆಯುತ್ತದೆ. ಸೊನ್ನೆಗಿಂತ ಕೆಳಗಿನ ಶೈತ್ಯದಲ್ಲಿಯೂ ಮೋಡದ ಸಣ್ಣ ಹನಿಗಳು ಕೂಡಲೇ ಹೆಪ್ಪುಗಟ್ಟುವುದಿಲ್ಲ. ಬಹಳ ಹೊತ್ತು ನೀರಾಗಿಯೇ ಉಳಿಯುತ್ತವೆ. ಅವುಗಳ ನಡುವೆ ಒಂದು ಮಂಜಿನ ಹರಳು ಸಿಕ್ಕಿಕೊಂಡರೆ ಹನಿಗಳು ಅದಕ್ಕೆ ತಾಗಿ ಅಲ್ಲಿಯೇ ಹೆಪ್ಪಾಗುತ್ತವೆ. ಕಲ್ಲನ್ನು ಎರಡಾಗಿ ಒಡೆದು ನೋಡಿದರೆ ಈರುಳ್ಳಿಯಂತೆ ಪದರಗಳು ಕಾಣುವುವು: ಹನಿಗಳು ತಟ್ಟನೆ ಹೆಪ್ಪಾದಲ್ಲಿ ಗಾಳಿ ಸೆರೆಯಾಗಿ ಪದರ ಬೆಳ್ಳಗಾಗುತ್ತದೆ, ನಿಧಾನವಾಗಿ ಹೆಪ್ಪಾದಲ್ಲಿ ಗಾಜಿನಂತಿರುತ್ತದೆ.

ಕಲ್ಲು ಬೆಳೆಯುವಷ್ಟು ಕಾಲ ಅದನ್ನು ಮೇಲೆಯೇ ಹಿಡಿದಿಡುವ ಶಕ್ತಿ ಬೇಕು. ಅದು ಮೋಡದೊಳಗೆ ಮೇಲ್ಮುಖವಾಗಿ ನುಗ್ಗುವ ಗಾಳಿ. ಒಂದು ಸೆಂಟಿಮೀಟರ್ ದಪ್ಪದ ಕಲ್ಲಿಗೆ ಸೆಕೆಂಡಿಗೆ ಸುಮಾರು ಹತ್ತು ಮೀಟರ್ ವೇಗದ ಗಾಳಿ ಬೇಕಾದೀತು. ನಿಂಬೆಯ ಗಾತ್ರಕ್ಕೆ ಅದರ ಎರಡು ಮೂರು ಪಟ್ಟು. ಅಂತಹ ಗಾಳಿಗೆ ನಾಲ್ಕು ಅನುಕೂಲಗಳು ಕೂಡಿಬರಬೇಕು. ನೆಲ ಚೆನ್ನಾಗಿ ಕಾಯಬೇಕು; ಕೆಳಗಿನ ಗಾಳಿಯಲ್ಲಿ ಸಮುದ್ರದ ತೇವ ಇರಬೇಕು; ಮೇಲಿನ ಗಾಳಿ ತಣ್ಣಗಿರಬೇಕು; ಎತ್ತರಕ್ಕೆ ಹೋದಂತೆ ಗಾಳಿಯ ದಿಕ್ಕು, ವೇಗಗಳು ಬದಲಾಗುತ್ತಿರಬೇಕು. ಜನವರಿಯಲ್ಲಿ ಮೊದಲೆರಡು ಇಲ್ಲ. ಜುಲೈನಲ್ಲಿ ತೇವ ಯಥೇಚ್ಛವಾಗಿದ್ದರೂ ನೆಲ ಕಾಯುವುದಿಲ್ಲ, ಮೇಲೇರುವ ಗಾಳಿಯ ರಭಸ ಸಾಲದು. ಎರಡರ ನಡುವಣ ಸಂಧಿಕಾಲ, ಅಂದರೆ ಮಾರ್ಚಿಯಿಂದ ಮೇವರೆಗೆ, ನಾಲ್ಕೂ ಒಂದೆಡೆ ಸೇರುವ ಕಾಲ. ಆಗ ದಕ್ಷಿಣ ಪ್ರಸ್ಥಭೂಮಿಯ ಮೇಲೆ ಉತ್ತರ ದಕ್ಷಿಣವಾಗಿ ಒಂದು ಅದೃಶ್ಯ ಗಡಿ ಏರ್ಪಡುತ್ತದೆ. ಅದರ ಒಂದು ಕಡೆ ಬಂಗಾಳ ಕೊಲ್ಲಿಯ ತೇವದ ಗಾಳಿ, ಇನ್ನೊಂದು ಕಡೆ ವಾಯವ್ಯದ ಒಣಗಾಳಿ. ಮಧ್ಯಾಹ್ನದ ಬಿಸಿಲಿಗೆ ಕಾದ ಗಾಳಿ ಆ ಗಡಿಯಲ್ಲಿ ಮೇಲೇಳುತ್ತದೆ, ಸಂಜೆಗೆ ಗುಡುಗು.

ಊರಿನ ಎತ್ತರಕ್ಕೂ ಇದರಲ್ಲಿ ಪಾಲಿದೆ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಮೇಲಿದೆ. ಮಂಗಳೂರಿನ ಮೇಲೆ ಬೀಳುವ ಕಲ್ಲು ಕರಗಲು ಇನ್ನೂ ಒಂದು ಕಿಲೋಮೀಟರ್‌ನಷ್ಟು ಬೆಚ್ಚನೆಯ ದಾರಿಯನ್ನು ಕ್ರಮಿಸಬೇಕು. ನಮ್ಮ ಹೆಂಚಿನ ಮೇಲೆ ಅದು ಕಲ್ಲಾಗಿಯೇ ಬಂದು ಬಡಿಯುತ್ತದೆ.

ಈಗ ಮೊದಲಿನ ಪ್ರಶ್ನೆಗೆ ಬರೋಣ. ಮೇಲೆ ಹೇಳಿದ ನಾಲ್ಕರಲ್ಲಿ ಮೃದುವಾದ ಮಾಗಿ ಯಾವುದನ್ನು ತಂದುಕೊಡುತ್ತದೆ? ಹೆಚ್ಚೆಂದರೆ ಮೊದಲನೆಯದನ್ನು, ನೆಲದ ಕಾವನ್ನು. ಅದೂ ಎಲ್ಲ ವರ್ಷಗಳಲ್ಲಿ ಒಂದೇ ಬಗೆಯದಲ್ಲ. ಮಾಗಿ ಎರಡು ಕಾರಣಗಳಿಂದ ಮೃದುವಾಗಬಹುದು. ರಾತ್ರಿಯ ಆಕಾಶದಲ್ಲಿ ಮೋಡ ಮುಸುಕಿ ನೆಲದ ಬಿಸಿ ಹೊರಹೋಗದಿದ್ದರೆ ಚಳಿ ಕಡಿಮೆ. ಅದು ತೇವದ ಮಾಗಿ. ಆಕಾಶ ಶುಭ್ರವಾಗಿದ್ದು ಹಗಲು ಸುಡುತ್ತಿದ್ದರೂ ಚಳಿ ಕಡಿಮೆ. ಅದು ಒಣ ಮಾಗಿ. ಎರಡನ್ನೂ ನಾವು ಒಂದೇ ಮಾತಿನಲ್ಲಿ 'ಈ ವರ್ಷ ಚಳಿಯೇ ಇಲ್ಲ' ಎಂದು ಮುಗಿಸುತ್ತೇವೆ. ಮೂರನೆಯದೊಂದು ಕಾರಣವನ್ನು ನಾವೇ ಕಟ್ಟಿಕೊಂಡಿದ್ದೇವೆ: ಹಗಲೆಲ್ಲ ಬಿಸಿಲನ್ನು ಹೀರಿ ಇರುಳೆಲ್ಲ ಹೊರಚೆಲ್ಲುವ ಕಾಂಕ್ರೀಟು. ಶೇಷಾದ್ರಿಪುರದ ರಾತ್ರಿ ಬೆಚ್ಚಗಿತ್ತೆಂದ ಮಾತ್ರಕ್ಕೆ ದೊಡ್ಡಬಳ್ಳಾಪುರದ ಹೊಲದಲ್ಲಿಯೂ ಬೆಚ್ಚಗಿತ್ತೆಂದು ಹೇಳಲಾಗದು.

ಇತ್ತೀಚಿನ ಎರಡು ವರ್ಷಗಳನ್ನು ಅಕ್ಕಪಕ್ಕದಲ್ಲಿಟ್ಟು ನೋಡಬಹುದು. ಸಾಮಾನ್ಯವಾಗಿ ಈ ನಗರಕ್ಕೆ ಜನವರಿಯಲ್ಲಿ ಎರಡು ಮಿಲಿಮೀಟರ್ ಮಳೆಯೂ ಇಲ್ಲ. ಫೆಬ್ರುವರಿಗೆ ಸುಮಾರು 7, ಮಾರ್ಚಿಗೆ 15, ಏಪ್ರಿಲಿಗೆ 60, ಮೇ ತಿಂಗಳಿಗೆ 120ಕ್ಕೂ ಮೇಲೆ. ಶಾಂತಸಾಗರದ ನೀರು ಕಾಯುವ ಎಲ್ ನಿನೋ ವಿದ್ಯಮಾನದ ವರ್ಷವಾದ 2023-24ರ ಚಳಿಗಾಲದ ಬಳಿಕ ಮೋಡಗಳು ಆರ್ಭಟಿಸಲಿಲ್ಲ. 2024ರ ಏಪ್ರಿಲ್ ಪೂರ್ತಿ ನಗರದ ವೀಕ್ಷಣಾಲಯದಲ್ಲಿ ಮಳೆ ದಾಖಲಾಗಲಿಲ್ಲ. 1983ರ ಅನಂತರ ಅಂತಹ ಏಪ್ರಿಲ್ ಬಂದಿರಲಿಲ್ಲ. ಇದಕ್ಕೆ ವಿರುದ್ಧವಾಗಿ, ಅದೇ ಸಾಗರ ತಣ್ಣಗಿದ್ದ ಲಾ ನಿನಾ ಚಳಿಗಾಲವನ್ನು ಹಿಂದಿಟ್ಟು ಬಂದ 2023ರ ಮೇ ತಿಂಗಳಿನಲ್ಲಿ ಮುನ್ನೂರು ಮಿಲಿಮೀಟರಿಗೂ ಹೆಚ್ಚು ಮಳೆಯಾಯಿತು. ಮೇ 21ರ ಸಂಜೆ ಆಲಿಕಲ್ಲಿನೊಡನೆ ಬಂದ ಮಳೆಗೆ ಮರಗಳು ಉರುಳಿದವು, ಕೆಳಸೇತುವೆಯ ನೀರಿನಲ್ಲಿ ಒಂದು ಜೀವ ಹೋಯಿತು. ಎರಡು ವರ್ಷಗಳಿಂದ ನಿಯಮ ಹುಟ್ಟದು. ಆದರೆ ಮೃದುವಾದ ಮಾಗಿಯಿಂದ ಕಲ್ಲಮಳೆಯನ್ನು ಊಹಿಸಬಹುದೆಂಬ ನಂಬಿಕೆಯನ್ನು ಅಲುಗಾಡಿಸಲು ಇಷ್ಟು ಸಾಕು.

ಹಾಗಾದರೆ ಅಕಾಲದ ಕಲ್ಲಮಳೆಯ ಬೇರು ಎಲ್ಲಿದೆ? ಬಹುಮಟ್ಟಿಗೆ ಮೇಲಿನ ಗಾಳಿಯಲ್ಲಿ. 2014ರ ಫೆಬ್ರುವರಿಯ ಕೊನೆಯಿಂದ ಮಾರ್ಚಿಯ ನಡುವಿನವರೆಗೆ ಮಹಾರಾಷ್ಟ್ರದಲ್ಲಿಯೂ ನಮ್ಮ ಬೀದರ, ಕಲಬುರಗಿ, ವಿಜಯಪುರಗಳ ಕಡೆಯೂ ದಿನದ ಮೇಲೆ ದಿನ ಆಲಿಕಲ್ಲು ಸುರಿಯಿತು. ಕೊಯ್ಲಿಗೆ ಬಂದ ಜೋಳ, ಕಡಲೆ, ಗೋಧಿ, ಬಳ್ಳಿಯ ಮೇಲಿದ್ದ ದ್ರಾಕ್ಷಿ ನೆಲಕಚ್ಚಿದವು. ಚಳಿಗಾಲದ ಪಶ್ಚಿಮದ ಮೇಲ್ಗಾಳಿ ಸಾಮಾನ್ಯವಾಗಿ ಅಷ್ಟರಲ್ಲಿ ಉತ್ತರಕ್ಕೆ ಹಿಮ್ಮೆಟ್ಟಬೇಕು. ಆ ವರ್ಷ ಅದು ದಖ್ಖನಿನವರೆಗೂ ಬಾಗಿ ಇಳಿದು ತನ್ನ ತಣ್ಣನೆಯ ಗಾಳಿಯನ್ನು, ಕಡಲಿನಿಂದ ಬಂದ ತೇವದ ಮೇಲೆ ಹಾಸಿತು. ಅಂದರೆ ನೆಲದ ಮೇಲೆ ಮಾಗಿ ಮುಗಿದಿದ್ದರೂ ಆಕಾಶದಲ್ಲಿ ಇನ್ನೂ ಮುಗಿದಿರಲಿಲ್ಲ. ಉತ್ತರ ಕರ್ನಾಟಕಕ್ಕೆ ಇಂತಹ ಗಂಡಾಂತರ ಫೆಬ್ರುವರಿ, ಮಾರ್ಚಿಗಳಲ್ಲಿಯೇ ಬರಬಲ್ಲುದು. ನಮ್ಮ ಕಡೆ ಅದರ ಕಾಲ ಏಪ್ರಿಲ್, ಮೇ. ನ್ಯೂಯಾರ್ಕಿನ ಹಿಮಪಾತವಾದ ಅದೇ 1888ರ ಏಪ್ರಿಲ್ 30ರಂದು ಉತ್ತರ ಭಾರತದ ಮೊರಾದಾಬಾದಿನ ಸುತ್ತ ಬಿದ್ದ ಆಲಿಕಲ್ಲಿಗೆ 246 ಮಂದಿ ಸತ್ತರು. ಜಗತ್ತಿನ ದಾಖಲೆಯಲ್ಲಿ ಒಂದೇ ಕಲ್ಲಮಳೆಗೆ ಅಷ್ಟು ಸಾವು ಇನ್ನೆಲ್ಲಿಯೂ ಇಲ್ಲ.

ಈ ವಿಷಯದ ಕಷ್ಟವಿರುವುದು ಇಲ್ಲಿ: ಕಲ್ಲನ್ನು ತರುವ ಮೋಡವೇ ನಮಗೆ ಬೇಕಾದ ಮಳೆಯನ್ನೂ ತರುತ್ತದೆ. ಕೊಡಗು, ಚಿಕ್ಕಮಗಳೂರು, ಹಾಸನಗಳ ಕಾಫಿ ತೋಟಗಳು ಫೆಬ್ರುವರಿ, ಮಾರ್ಚಿಗಳ ಹೂಮಳೆಗಾಗಿ ಕಾದಿರುತ್ತವೆ. ಆ ಮಳೆ ಬಿದ್ದ ಒಂದು ವಾರ ಹತ್ತು ದಿನಗಳಲ್ಲಿ ಗಿಡಗಳೆಲ್ಲ ಬೆಳ್ಳಗೆ ಅರಳುತ್ತವೆ. ಕೋಲಾರ, ಶ್ರೀನಿವಾಸಪುರದ ಮಾವಿಗೆ ಕಾಯಿ ಬಲಿಯುವಾಗ ಒಂದು ಹದಮಳೆ ಬೇಕು. ಭರಣಿ ಮಳೆ ಬಂದರೆ ಧರಣಿಯೆಲ್ಲ ಬೆಳೆ ಎಂದು ರೈತರು ಸುಮ್ಮನೆ ಹೇಳಿಲ್ಲ. ಆದರೆ ಅದೇ ಮಳೆ ಹತ್ತು ನಿಮಿಷ ಕಲ್ಲಾಗಿ ಸುರಿದರೆ ಚಿಕ್ಕಬಳ್ಳಾಪುರದ ದ್ರಾಕ್ಷಿ ಗೊನೆ ಒಡೆಯುತ್ತದೆ, ಮಾವಿನ ಕಾಯಿಗೆ ಪೆಟ್ಟು ಬಿದ್ದು ಕಪ್ಪು ಕಲೆಯಾಗುತ್ತದೆ, ಹಿಪ್ಪುನೇರಳೆ ಸೊಪ್ಪು ಹರಿದು ರೇಷ್ಮೆಹುಳುವಿಗೆ ಮೇವಿಲ್ಲದಾಗುತ್ತದೆ. ಮಳೆ ಬಾರದಿರಲೆಂದು ಬೇಡುವಂತಿಲ್ಲ; ಬರಲೆಂದು ನಿಶ್ಚಿಂತೆಯಿಂದ ಬೇಡುವಂತೆಯೂ ಇಲ್ಲ.

ಮನುಷ್ಯ ಇದಕ್ಕೆ ಉಪಾಯಗಳನ್ನು ಹುಡುಕದೆ ಇಲ್ಲ. ಯುರೋಪಿನ ಹಳ್ಳಿಗಳಲ್ಲಿ ಮೋಡ ಕಂಡೊಡನೆ ಚರ್ಚಿನ ಗಂಟೆ ಬಾರಿಸುತ್ತಿದ್ದರು. 1896ರಲ್ಲಿ ಆಸ್ಟ್ರಿಯದ ದ್ರಾಕ್ಷಿ ಬೆಳೆಗಾರ ಆಲ್ಬರ್ಟ್ ಸ್ಟೀಗರ್ ಆಕಾಶಕ್ಕೆ ತೋಪು ಹಾರಿಸಿ ಕಲ್ಲನ್ನು ತಡೆಯುವ ಪ್ರಯೋಗಕ್ಕೆ ತೊಡಗಿದನು. ಕೆಲವೇ ವರ್ಷಗಳಲ್ಲಿ ಸಾವಿರಾರು ತೋಪುಗಳು ಬಂದವು, ಕಲ್ಲು ಮಾತ್ರ ನಿಲ್ಲಲಿಲ್ಲ. ಹಿಮಾಚಲದ ಸೇಬು ತೋಟಗಳಂತೆ ಮೇಲೆ ಬಲೆ ಕಟ್ಟುವುದೇ ಇಂದಿಗೂ ನಂಬಬಹುದಾದ ರಕ್ಷಣೆ. ಆದರೆ ಅದರ ವೆಚ್ಚ ಸಣ್ಣ ಹಿಡುವಳಿದಾರನಿಗೆ ಭಾರ. 2016ರಲ್ಲಿ ಬಂದ ಪ್ರಧಾನಮಂತ್ರಿ ಫಸಲ್ ಬಿಮಾ ಯೋಜನೆಯಲ್ಲಿ ವಿಮೆಗೊಳಪಟ್ಟ ಬೆಳೆಗೆ ಆಲಿಕಲ್ಲಿನಿಂದ ಹಾನಿಯಾದರೆ 72 ಗಂಟೆಗಳೊಳಗೆ ತಿಳಿಸಬೇಕೆಂಬ ನಿಯಮವಿದೆ. ನಗರದಲ್ಲಿ ಓದು ಬಲ್ಲ ಮಕ್ಕಳಿರುವ ಎಷ್ಟೋ ಮನೆಗಳಿಗೆ ಹಳ್ಳಿಯಲ್ಲಿ ಇನ್ನೂ ಜಮೀನುಂಟು. ಅಂತಹವರು ಈ ಒಂದು ಸಂಖ್ಯೆಯನ್ನು ನೆನಪಿಟ್ಟುಕೊಂಡರೂ ಹಿರಿಯರಿಗೆ ಉಪಕಾರವಾದೀತು.

ಮುನ್ಸೂಚನೆಯ ವಿಷಯದಲ್ಲಿ ನಾವು ಯಾವುದನ್ನು ಕೇಳಬಹುದು, ಯಾವುದನ್ನು ಕೇಳಬಾರದು ಎಂಬ ವಿವೇಕ ಬೇಕು. ಜನವರಿಯಲ್ಲಿ ಕುಳಿತು ಏಪ್ರಿಲಿನ ಕಲ್ಲನ್ನು ಹೇಳಲಾಗದು. ಎರಡು ಮೂರು ದಿನ ಮುಂಚಿತವಾಗಿ ಗುಡುಗಿಗೆ ಅನುಕೂಲವಿದೆಯೇ ಎಂದು ಹೇಳಬಹುದು. ಎರಡು ಮೂರು ಗಂಟೆ ಮುಂಚಿತವಾಗಿ, ರೇಡಾರಿನಲ್ಲಿ ಮೋಡವನ್ನು ಕಂಡು, ಯಾವ ಜಿಲ್ಲೆಗೆ ಎಚ್ಚರಿಕೆ ಬೇಕೆಂದು ಹೇಳಬಹುದು. 2019ರಲ್ಲಿ ಸರ್ಕಾರವು ರೈತರಿಗಾಗಿ ಹೊರತಂದ ಹವಾಮಾನದ ಮೊಬೈಲ್ ಸೇವೆಗೆ ಮೇಘದೂತ್ ಎಂದೇ ಹೆಸರಿಟ್ಟಿದೆ. ಕಾಳಿದಾಸನ ಮೋಡ ಸಂದೇಶವನ್ನು ಒಯ್ದಿತು. ಇಲ್ಲಿ ಮೋಡದ ಸುದ್ದಿಯೇ ಸಂದೇಶ.

ಕಡೆಗೊಂದು ಮಾತು. 19ನೆಯ ಶತಮಾನದ ಕೊನೆಯಲ್ಲಿ ಸೆಂಟ್ರಲ್ ಕಾಲೇಜಿನ ಜಾನ್ ಕುಕ್ ಮೈಸೂರು ಸಂಸ್ಥಾನದ ಹವೆಯ ವರದಿಗಳನ್ನು ವರ್ಷವರ್ಷವೂ ಸಿದ್ಧಗೊಳಿಸಿದರು. ಇಂದು ಮಳೆಮಾಪಕ ಯಂತ್ರಗಳು ಹಳ್ಳಿ ಹಳ್ಳಿಗೂ ಬಂದಿವೆ. ಆದರೆ ಅವು ಅಳೆಯುವುದು ನೀರನ್ನು. ಬಿದ್ದದ್ದು ಹನಿಯೋ ಕಲ್ಲೋ ಎಂಬುದನ್ನು ಹೇಳಬಲ್ಲದ್ದು ಕಣ್ಣು ಮಾತ್ರ. ಆಲಿಕಲ್ಲು ಬೀಳುವ ಪಟ್ಟಿಯೂ ಕಿರಿದು. ಮಲ್ಲೇಶ್ವರದಲ್ಲಿ ಬಿದ್ದಾಗ ಚಾಮರಾಜಪೇಟೆಯಲ್ಲಿ ಬರಿಯ ತುಂತುರು ಇರಬಹುದು. ಆದ್ದರಿಂದ ಮುಂದಿನ ಸಲ ಕಲ್ಲು ಬಿದ್ದಾಗ ಒಂದನ್ನು ಅಂಗೈಯಲ್ಲಿ ಹಿಡಿದು, ಅದು ಕಡಲೆಯಷ್ಟೋ ಗೋಲಿಯಷ್ಟೋ ನಿಂಬೆಯಷ್ಟೋ ಎಂಬುದನ್ನು ದಿನ, ವೇಳೆ, ಬೀದಿಯ ಹೆಸರಿನೊಡನೆ ಬರೆದಿಡಿ. ಗುಡುಗು ನಿಂತ ಮೇಲೆ ಹೊರಗೆ ಬನ್ನಿ, ಮರದಡಿಯಲ್ಲಂತೂ ನಿಲ್ಲಬೇಡಿ. ಮಾಗಿಗೂ ಕಲ್ಲಿಗೂ ನಿಜವಾದ ನಂಟು ಏನಾದರೂ ಇದ್ದರೆ, ಅದು ಹೀಗೆ ಹಲವು ವರ್ಷ ಹಲವರು ಬರೆದಿಟ್ಟ ಪುಟಗಳಿಂದಲೇ ಗೊತ್ತಾಗಬೇಕು.