ದಾರಿ ಬಿಡುವ ಕಡತಗಳು



ಗಜೇಂದ್ರಗಡ ತಾಲ್ಲೂಕಿನ ರಾಜೂರಿನಲ್ಲಿ ಒಂದು ಮನೆಯನ್ನು ಕಲ್ಪಿಸಿಕೊಳ್ಳಿ. ಅಕ್ಕ ವಿದ್ಯಾರ್ಥಿವೇತನದ ಅರ್ಜಿ ತುಂಬುತ್ತಿದ್ದಾಳೆ. ಇಂದೇ ಕೊನೆಯ ದಿನ. ಪಡಸಾಲೆಯಲ್ಲಿ ಕುಳಿತ ತಮ್ಮ ಟೊರೆಂಟ್ ಮೂಲಕ ಲಿನಕ್ಸ್ ಇಳಿಸಿಕೊಳ್ಳುತ್ತ, ಬಂದ ಭಾಗಗಳನ್ನು ಇತರರಿಗೂ ಕಳುಹಿಸುತ್ತಿದ್ದಾನೆ. ಇಬ್ಬರದೂ ಒಳ್ಳೆಯ ಕೆಲಸವೇ. ಆದರೂ ಅಕ್ಕನ ಅರ್ಜಿ ಮುಂದೆ ಸಾಗದು. ತಪ್ಪು ತಮ್ಮನದೇ? ಅವನಿಗಿಂತ ಹೆಚ್ಚಾಗಿ, ಆ ತಂತ್ರಾಂಶವನ್ನು ರೂಪಿಸಿದವರದು.

ಒಂದು ಸೆಕೆಂಡಿನಲ್ಲಿ ತಂತಿಯ ಮೂಲಕ ಎಷ್ಟು ಮಾಹಿತಿ ಹಾಯಬಹುದೋ ಅದೇ ಬ್ಯಾಂಡ್‌ವಿಡ್ತ್. ನರಗುಂದ, ರೋಣದ ಕಡೆ ಕಾಲುವೆಯ ನೀರು ಹಾಯಿಸುವವರಿಗೆ ಈ ಮಾತು ಸುಲಭವಾಗಿ ಅರ್ಥವಾದೀತು: ಮೇಲಿನವರು ನೀರನ್ನೆಲ್ಲ ತಿರುಗಿಸಿಕೊಂಡರೆ ಕೊನೆಯ ಹೊಲಕ್ಕೆ ನೀರು ಮುಟ್ಟದು.

ತಂತಿ ತುಂಬಿದಾಗ ಮಾಹಿತಿಯ ಪ್ಯಾಕೆಟ್‌ಗಳು ಮೋಡೆಮ್‌ನಲ್ಲಿ ಸಾಲುಗಟ್ಟಿ ನಿಲ್ಲುತ್ತವೆ. ಹೊರಹೋಗುವ ವೇಗ ಸೆಕೆಂಡಿಗೆ 1 ಮೆಗಾಬಿಟ್ ಇದ್ದು, ಸಾಲಿನಲ್ಲಿ 250 ಕಿಲೋಬೈಟ್, ಅಂದರೆ 2 ಮೆಗಾಬಿಟ್, ನಿಂತಿದ್ದರೆ ಹೊಸದಾಗಿ ಬಂದ ಪ್ಯಾಕೆಟ್ 2 ಸೆಕೆಂಡು ಕಾಯಬೇಕು. ಅರ್ಜಿಯ ಒಂದು ಪುಟಕ್ಕೆ ಇಂಥ ಹಲವು ಹೋಗಿಬರುವಿಕೆ ಬೇಕು. ಅಕ್ಕನ ಪುಟ ನಿಂತದ್ದು ಹೀಗೆ.

ಈ ದಟ್ಟಣೆ ಹೊಸದಲ್ಲ. 1986ರಲ್ಲಿ ಅಮೆರಿಕದ ಬರ್ಕ್ಲಿಯಲ್ಲಿ, ಸುಮಾರು 400 ಗಜ ಅಂತರದ ಎರಡು ಸಂಸ್ಥೆಗಳ ನಡುವಿನ ವೇಗ ಸೆಕೆಂಡಿಗೆ 32,000 ಬಿಟ್‌ಗಳಿಂದ 40 ಬಿಟ್‌ಗಳಿಗೆ ಕುಸಿಯಿತು. ವ್ಯಾನ್ ಜೇಕಬ್‌ಸನ್ ಮತ್ತು ಮೈಕೇಲ್ ಕೇರಲ್ಸ್ ಇದಕ್ಕೆ ಪರಿಹಾರವನ್ನು ರೂಪಿಸಿದರು: ಪ್ಯಾಕೆಟ್ ಕಳೆದುಹೋದರೆ ದಾರಿ ತುಂಬಿದೆ ಎಂದು ತಿಳಿದು, ಕಳುಹಿಸುವ ವೇಗ ತಗ್ಗಿಸುವುದು. ಅಂತರಜಾಲ ಉಳಿದುಕೊಂಡಿತು.

2001ರಲ್ಲಿ ಬ್ರ್ಯಾಮ್ ಕೋಹೆನ್ ಬಿಟ್‌ಟೊರೆಂಟ್ ರಚಿಸಿದಾಗ ಹೊಸ ತೊಡಕು ಬಂತು. ಇಲ್ಲಿ ಕಡತವನ್ನು ತುಂಡುಗಳಾಗಿ ಮಾಡಿ, ಪಡೆದವರೇ ಪರಸ್ಪರ ಹಂಚಿಕೊಳ್ಳುತ್ತಾರೆ. ಹಳೆಯ ನಿಯಮ ತಂತಿಯನ್ನು ಹೆಚ್ಚುಕಡಿಮೆ ಸಂಪರ್ಕಕ್ಕೊಂದು ಪಾಲಿನಂತೆ ಹಂಚುತ್ತದೆ. ಅಕ್ಕನದು 1 ಸಂಪರ್ಕ, ತಮ್ಮನವು 9 ಆದರೆ ಅವಳಿಗೆ ಸಿಕ್ಕುವುದು ಹತ್ತರಲ್ಲೊಂದು ಪಾಲು ಮಾತ್ರ! ಮೇಲಾಗಿ, ಪ್ಯಾಕೆಟ್ ಕಳೆದುಹೋಗುವಷ್ಟರಲ್ಲಿ ಸಾಲು ಬೆಳೆದುಬಿಟ್ಟಿರುತ್ತದೆ.

ಹಾಗಾದರೆ ನಷ್ಟವಾಗುವವರೆಗೆ ಕಾಯದೆ, ವಿಳಂಬವನ್ನೇ ಅಳೆದರೆ ಹೇಗೆ? 2012ರ ಡಿಸೆಂಬರಿನಲ್ಲಿ ಪ್ರಕಟವಾದ 'ಲೆಡ್‌ಬ್ಯಾಟ್' ವಿಧಾನದ ತಿರುಳು ಇದೇ. ಪ್ರತಿ ಪ್ಯಾಕೆಟ್ ತಾನು ಹೊರಟ ವೇಳೆಯನ್ನು ಹೊತ್ತು ಸಾಗುತ್ತದೆ. ಈವರೆಗೆ ಕಂಡ ಅತಿ ಕಡಿಮೆ ಪ್ರಯಾಣಕಾಲವನ್ನು ಖಾಲಿ ದಾರಿಯದೆಂದು ಎಣಿಸಲಾಗುತ್ತದೆ. ಅದಕ್ಕಿಂತ ಹೆಚ್ಚು ಹಿಡಿದರೆ, ಆ ಹೆಚ್ಚಳ ಸಾಲಿನಲ್ಲಿ ಕಾದ ಹೊತ್ತು. ಅದು ಗೊತ್ತುಪಡಿಸಿದ ಮಿತಿಯನ್ನು ದಾಟಿದರೆ ತಂತ್ರಾಂಶ ತಾನೇ ಹಿಂದೆ ಸರಿಯುತ್ತದೆ. ದಾರಿ ತೆರವಾದರೆ ಮುಂದೆ ಬರುತ್ತದೆ. ಈ ಮಿತಿ 100 ಮಿಲಿಸೆಕೆಂಡನ್ನು ಮೀರಬಾರದೆಂಬುದು ನಿಯಮ. ಅಕ್ಕನ ಅರ್ಜಿ ಸಾಗುತ್ತದೆ. ತಮ್ಮನ ಕೆಲಸವೂ ನಿಲ್ಲದು, ನಿಧಾನವಾದೀತು ಅಷ್ಟೆ.

ಇದರಲ್ಲೂ ಕೊರತೆಯಿದೆ. ಸಾಲು ಮೊದಲೇ ಬೆಳೆದಿರುವಾಗ ಸೇರಿಕೊಂಡ ಯಂತ್ರ ಆ ವಿಳಂಬವನ್ನೇ ಖಾಲಿ ದಾರಿಯೆಂದು ತಪ್ಪು ತಿಳಿಯಬಹುದು. ಆದ್ದರಿಂದ ಬಳಸುವವರು ತಾವೇ ವೇಗಕ್ಕೆ ಮಿತಿ ಹಾಕುವ ಅನುಕೂಲವೂ ಇರಬೇಕು.

ಇನ್ನೊಂದು ಹೊಣೆ, ಹತ್ತಿರದಲ್ಲಿರುವುದನ್ನು ದೂರದಿಂದ ತರಿಸದಿರುವುದು. ಶಾಲೆಯೊಂದರಲ್ಲಿ 30 ಗಣಕಯಂತ್ರಗಳಿವೆ, ಸಂಪರ್ಕದ ವೇಗ ಸೆಕೆಂಡಿಗೆ 10 ಮೆಗಾಬಿಟ್ ಎನ್ನಿ. 700 ಮೆಗಾಬೈಟ್ ಕಡತವನ್ನು ಒಮ್ಮೆ ತರಲು ಸುಮಾರು ಒಂಬತ್ತೂವರೆ ನಿಮಿಷ ಸಾಕು. 30 ಯಂತ್ರಗಳೂ ಬೇರೆಬೇರೆಯಾಗಿ ತರಿಸಿಕೊಂಡರೆ 4 ಗಂಟೆ 40 ನಿಮಿಷ! ಒಂದು ಪ್ರತಿ ಹೊರಗಿನಿಂದ ಬಂದು, ಉಳಿದದ್ದು ಶಾಲೆಯ ಒಳಜಾಲದಲ್ಲೇ ಹಂಚಿಕೆಯಾದರೆ ಊರಿನ ತಂತಿ ಬಿಡುವಾಗಿರುತ್ತದೆ.

ನಾಳೆ ನಿಮ್ಮಲ್ಲಿ ಕೆಲವರು ತಂತ್ರಾಂಶ ಬರೆಯುವವರಾಗುತ್ತೀರಿ. ಅದು ಎಷ್ಟು ವೇಗವಾಗಿ ಓಡುತ್ತದೆ ಎಂದಷ್ಟೇ ಪರೀಕ್ಷಿಸಬೇಡಿ. ಅದು ಓಡುತ್ತಿರುವಾಗ ಅದೇ ತಂತಿಯ ಮೇಲೆ ಅಕ್ಕನ ಅರ್ಜಿ ಹೋಗುತ್ತದೆಯೇ ಎಂದೂ ನೋಡಿ.