ನೂರಕ್ಕೆ ನೂರು, ನಾಣ್ಯಕ್ಕೆ ಸೊನ್ನೆ

ಒಂದು ರೂಪಾಯಿಯ ನಾಣ್ಯವನ್ನು ನೇರವಾಗಿ ಮೇಲಕ್ಕೆ ಚಿಮ್ಮಿ. ಅದು ಬೆರಳು ಬಿಟ್ಟು ಮೇಲೇರುತ್ತಿದೆ, ಇನ್ನೂ ಎತ್ತರದ ತುದಿ ಮುಟ್ಟಿಲ್ಲ. ಆ ಕ್ಷಣದಲ್ಲಿ ನಾಣ್ಯದ ಮೇಲೆ ಯಾವ ಯಾವ ಬಲಗಳು ವರ್ತಿಸುತ್ತಿವೆ? ಗಾಳಿಯ ತಡೆಯನ್ನು ಲೆಕ್ಕಕ್ಕೆ ಹಿಡಿಯುವುದು ಬೇಡ.

ಮನೆಯಲ್ಲಿ ಪಿಯುಸಿ ಓದುವ ಮಗನೋ ಮಗಳೋ ಇದ್ದರೆ ಕೇಳಿ ನೋಡಬಹುದು. ಅಪ್ಪ ಬಿ.ಎಸ್ಸಿ. ಮಾಡಿದವರಾದರೆ ಅವರನ್ನೂ ಬಿಡಬೇಕಿಲ್ಲ. ಹೆಚ್ಚಿನವರ ಉತ್ತರ ಒಂದೇ: ‘ಕೆಳಕ್ಕೆ ಭೂಮಿಯ ಸೆಳೆತ, ಮೇಲಕ್ಕೆ ಕೈ ಕೊಟ್ಟ ಬಲ. ಮೇಲಿನದು ಜಾಸ್ತಿ ಇರುವುದರಿಂದ ನಾಣ್ಯ ಏರುತ್ತಿದೆ. ಅದು ಮುಗಿದ ಮೇಲೆ ಬೀಳುತ್ತದೆ.’

ಕೇಳಲು ಎಷ್ಟು ಸರಿಯಾಗಿದೆ! ಆದರೆ ತಪ್ಪು. ಬೆರಳು ಬಿಟ್ಟ ಮರುಕ್ಷಣವೇ ಕೈಗೂ ನಾಣ್ಯಕ್ಕೂ ಸಂಬಂಧ ಕಡಿಯಿತು. ಏರುವಾಗಲೂ, ತುದಿಯಲ್ಲೂ, ಇಳಿಯುವಾಗಲೂ ಅದರ ಮೇಲಿರುವುದು ಒಂದೇ ಬಲ: ಭೂಮಿಯ ಸೆಳೆತ. ಅದೂ ಕೆಳಮುಖವಾಗಿ. ನಾಣ್ಯ ಏರುತ್ತಿರುವುದು ಕೈಯಿಂದ ಮೊದಲೇ ಪಡೆದ ವೇಗದಿಂದ. ಆ ವೇಗವನ್ನು ಸೆಳೆತ ಕ್ಷಣಕ್ಷಣಕ್ಕೂ ಕಡಿಮೆ ಮಾಡುತ್ತಿದೆ, ಅಷ್ಟೆ.

ಅಮೆರಿಕದ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ಜಾನ್ ಕ್ಲೆಮೆಂಟ್ ಈ ನಾಣ್ಯದ ಪ್ರಶ್ನೆಯನ್ನು ಎಂಜಿನಿಯರಿಂಗ್ ವಿದ್ಯಾರ್ಥಿಗಳ ಮುಂದಿಟ್ಟು, 1982ರಲ್ಲಿ ಫಲಿತಾಂಶ ಪ್ರಕಟಿಸಿದರು. ಬಹುಪಾಲು ಹುಡುಗರು ಮೇಲ್ಮುಖವಾಗಿ ಒಂದು ಬಾಣದ ಗುರುತು ಬರೆದಿದ್ದರು. ಬಲವಿಜ್ಞಾನದ ಕೋರ್ಸು ಮುಗಿಸಿದವರಲ್ಲೂ ಅನೇಕರು ಅದನ್ನೇ ಬರೆದರು.

ಇವರಾರೂ ದಡ್ಡರಲ್ಲ. ನ್ಯೂಟನ್ನನ ಮೂರೂ ನಿಯಮಗಳನ್ನು ಅಕ್ಷರ ತಪ್ಪದೆ ಒಪ್ಪಿಸಬಲ್ಲವರು. ಹಾಗೆ ನೋಡಿದರೆ, ಎಸೆದ ವಸ್ತುವಿನೊಳಗೆ ಒಂದು ಬಲ ಸೇರಿಕೊಂಡು ಕ್ರಮೇಣ ಕರಗುತ್ತದೆ ಎಂಬುದು 14ನೇ ಶತಮಾನದ ಪ್ಯಾರಿಸ್ಸಿನಲ್ಲಿ ಬುರಿದಾನನಂಥ ಪಂಡಿತನಿಗೇ ಸಮೀಪವಾದ ವಿಚಾರ. ಗೆಲಿಲಿಯೋ ಕೂಡ ತನ್ನ ಎಳೆಯ ವಯಸ್ಸಿನಲ್ಲಿ ಹೆಚ್ಚುಕಡಿಮೆ ಹೀಗೆಯೇ ಯೋಚಿಸುತ್ತಿದ್ದ. ನಮ್ಮಲ್ಲಿ ಭಾಷೆಯೂ ಇದಕ್ಕೆ ಕೈಜೋಡಿಸುತ್ತದೆ. ‘ತೋಳಿನಲ್ಲಿ ಬಲವಿದೆ’, ‘ಬಲ ಉಡುಗಿತು’ ಎನ್ನುವ ಕನ್ನಡಿಗನಿಗೆ ಬಲವೆಂದರೆ ಮೈಯೊಳಗೆ ಕೂಡಿಟ್ಟುಕೊಳ್ಳುವ ಸರಕು. ದಿನಬಳಕೆಯಲ್ಲಿ ಬಲ, ಶಕ್ತಿ ಎರಡೂ ಒಂದೇ. ಭೌತಶಾಸ್ತ್ರದಲ್ಲಿ ಹಾಗಲ್ಲ. ಅಲ್ಲಿ ಬಲವೆಂಬುದು ಒಂದು ವಸ್ತು ಇನ್ನೊಂದರ ಮೇಲೆ ಹೇರುವಂಥದ್ದು, ಕೂಡಿಟ್ಟುಕೊಳ್ಳುವಂಥದ್ದಲ್ಲ. ಈ ವ್ಯತ್ಯಾಸವನ್ನು ನಿಂತು ಹೇಳುವ ಪಠ್ಯಪುಸ್ತಕಗಳು ಕಡಿಮೆ.

ಪಾಠಕ್ಕೇ ಪರೀಕ್ಷೆ

ವಿದ್ಯಾರ್ಥಿಗಳ ಇಂಥ ತಪ್ಪುಗಳನ್ನು ಕೆಂಪು ಶಾಯಿಯಲ್ಲಿ ಹೊಡೆದುಹಾಕದೆ, ಅವುಗಳ ಬೇರನ್ನೇ ಹುಡುಕುವ ಒಂದು ಸಂಶೋಧನಾ ಕ್ಷೇತ್ರ 1970ರ ದಶಕದಿಂದ ಬೆಳೆದು ಬಂದಿದೆ. ಅದು ಬರೀ ಶಿಕ್ಷಣಶಾಸ್ತ್ರವೂ ಅಲ್ಲ, ಬರೀ ಭೌತಶಾಸ್ತ್ರವೂ ಅಲ್ಲ. ಎರಡರ ಗಡಿಯಲ್ಲಿ ನಿಂತದ್ದು. ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿ ಲಿಲಿಯನ್ ಮೆಕ್‌ಡರ್ಮಟ್ ಭೌತಶಾಸ್ತ್ರ ವಿಭಾಗದೊಳಗೇ ಇಂಥ ಸಂಶೋಧನೆಗೆ ಜಾಗ ಮಾಡಿಕೊಟ್ಟರು. ವಿದ್ಯಾರ್ಥಿಗಳನ್ನು ಒಬ್ಬೊಬ್ಬರನ್ನಾಗಿ ಕೂರಿಸಿಕೊಂಡು, ಬ್ಯಾಟರಿ, ಬಲ್ಬು, ಉರುಳುವ ಗುಂಡುಗಳನ್ನು ಮುಂದಿಟ್ಟು, ‘ಏನಾಗುತ್ತದೆ, ಯಾಕೆ?’ ಎಂದು ತಾಳ್ಮೆಯಿಂದ ಕೇಳುವುದೇ ಅವರ ಪ್ರಯೋಗಶಾಲೆಯ ಕೆಲಸ.

ಅರಿಝೋನಾ ರಾಜ್ಯ ವಿಶ್ವವಿದ್ಯಾಲಯದ ಇಬ್ರಾಹಿಂ ಹಲೂನ್ ಮತ್ತು ಡೇವಿಡ್ ಹೆಸ್ಟೆನಸ್ 1985ರಲ್ಲಿ ಇನ್ನೊಂದು ಹೆಜ್ಜೆ ಮುಂದೆ ಹೋದರು. ಲೆಕ್ಕವೇ ಇಲ್ಲದ, ಆಡುಮಾತಿನ ಪ್ರಶ್ನೆಗಳ ಒಂದು ಪತ್ರಿಕೆ ಸಿದ್ಧಪಡಿಸಿ, ಕೋರ್ಸಿಗೆ ಮುಂಚೆ ಒಮ್ಮೆ, ಮುಗಿದ ಮೇಲೆ ಇನ್ನೊಮ್ಮೆ ಕೊಟ್ಟರು. ನಾಲ್ವರು ಬೇರೆ ಬೇರೆ ಪ್ರಾಧ್ಯಾಪಕರ ತರಗತಿಗಳಲ್ಲಿ ಆದ ಪ್ರಗತಿ ಹೆಚ್ಚುಕಡಿಮೆ ಒಂದೇ ಆಗಿತ್ತು: ತೀರ ಅಲ್ಪ! ಪ್ರಾಧ್ಯಾಪಕರು ಬದಲಾದರೂ ಫಲಿತಾಂಶ ಬದಲಾಗಲಿಲ್ಲ. ತೊಂದರೆ ವ್ಯಕ್ತಿಯದಲ್ಲ, ಒಬ್ಬರು ಹೇಳುತ್ತಾ ಉಳಿದವರು ಬರೆದುಕೊಳ್ಳುವ ಪದ್ಧತಿಯದು ಎಂಬ ಗುಮಾನಿಗೆ ಇಲ್ಲಿಂದ ಬಲ ಬಂತು. ಈ ಪತ್ರಿಕೆಯೇ 1992ರಲ್ಲಿ ಸುಧಾರಿಸಿದ ರೂಪದಲ್ಲಿ, 29 ಪ್ರಶ್ನೆಗಳೊಂದಿಗೆ, ‘ಫೋರ್ಸ್ ಕಾನ್ಸೆಪ್ಟ್ ಇನ್ವೆಂಟರಿ’ ಎಂಬ ಹೆಸರಿನಲ್ಲಿ ಹೊರಬಂದು ಜಗತ್ತಿನಾದ್ಯಂತ ಬಳಕೆಗೆ ಬಂತು.

ಹಾರ್ವರ್ಡಿನ ಪ್ರೊಫೆಸರ್ ತಬ್ಬಿಬ್ಬು

ಹಾಲೆಂಡಿನಿಂದ ಬಂದ ಎರಿಕ್ ಮಝೂರ್ ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ ಲೇಸರ್ ಸಂಶೋಧಕ. 1984ರಿಂದ ಪಾಠವನ್ನೂ ಹೇಳುತ್ತಿದ್ದರು. ವಿದ್ಯಾರ್ಥಿಗಳು ಅವರಿಗೆ ಒಳ್ಳೆಯ ಅಂಕ ಕೊಡುತ್ತಿದ್ದರು, ಪರೀಕ್ಷೆಗಳಲ್ಲಿ ತಾವೂ ಒಳ್ಳೆಯ ಅಂಕ ಪಡೆಯುತ್ತಿದ್ದರು. ಮೇಷ್ಟ್ರಿಗೆ ಇನ್ನೇನು ಬೇಕು? 1990ರಲ್ಲಿ ಅರಿಝೋನಾದ ಲೇಖನಗಳು ಅವರ ಕಣ್ಣಿಗೆ ಬಿದ್ದವು. ಇದೆಲ್ಲ ಬೇರೆಯವರ ಪಾಡು, ಹಾರ್ವರ್ಡಿನ ಹುಡುಗರಿಗೆ ಇದು ನೀರು ಕುಡಿದಷ್ಟು ಸುಲಭ ಎಂದುಕೊಂಡೇ ಅವರು ಆ ಪ್ರಶ್ನೆಪತ್ರಿಕೆಯನ್ನು ತರಗತಿಯಲ್ಲಿ ಹಂಚಿದರು.

ಆಗ ಒಬ್ಬ ವಿದ್ಯಾರ್ಥಿನಿ ಎದ್ದು ಒಂದು ಸಂದೇಹ ಕೇಳಿದಳು. ಇದಕ್ಕೆ ನೀವು ಕಲಿಸಿದ ರೀತಿಯಲ್ಲಿ ಉತ್ತರ ಬರೆಯಬೇಕೋ, ಇಲ್ಲಾ ನಾನು ನಿಜವಾಗಿ ಯೋಚಿಸುವ ರೀತಿಯಲ್ಲಿ ಬರೆಯಬೇಕೋ ಎಂದು! ಆ ಮುಗ್ಧ ಪ್ರಶ್ನೆಯಲ್ಲಿ ಇಡೀ ಸಮಸ್ಯೆಯೇ ಅಡಗಿತ್ತು. ತಲೆಯಲ್ಲಿ ಎರಡು ಕಪಾಟುಗಳು: ಒಂದು ಪರೀಕ್ಷೆಗೆ, ಇನ್ನೊಂದು ಬದುಕಿಗೆ. ನಡುವೆ ಬಾಗಿಲಿಲ್ಲ.

ಫಲಿತಾಂಶ ನೋಡಿ ಮಝೂರ್ ತಬ್ಬಿಬ್ಬಾದರು. ಭಾರದ ಲಾರಿಯೊಂದು ಚಿಕ್ಕ ಕಾರಿಗೆ ಗುದ್ದಿದರೆ ಯಾವುದು ಯಾವುದರ ಮೇಲೆ ಹೆಚ್ಚು ಬಲ ಹೇರುತ್ತದೆ ಎಂಬ ಪ್ರಶ್ನೆಗೆ, ‘ಲಾರಿಯೇ’ ಎಂದವರು ಬಹಳ ಮಂದಿ. ನ್ಯೂಟನ್ನನ ಮೂರನೆಯ ನಿಯಮದಂತೆ ಎರಡೂ ಬಲ ಸಮ. ಕಾರು ನುಜ್ಜುಗುಜ್ಜಾಗುವುದು ಅದು ಹಗುರ ಮತ್ತು ದುರ್ಬಲವಾದ್ದರಿಂದ. ಮುಂದೆ ಅವರು ಇನ್ನೊಂದು ಕಿತಾಪತಿ ಮಾಡಿ ನೋಡಿದರು. ಒಂದೇ ಪರೀಕ್ಷೆಯಲ್ಲಿ ವಿದ್ಯುತ್ ಮಂಡಲದ ಒಂದು ಕಷ್ಟದ ಲೆಕ್ಕವನ್ನೂ, ಬಲ್ಬುಗಳ ಬೆಳಕಿನ ಬಗ್ಗೆ ಒಂದು ಸರಳ ಪ್ರಶ್ನೆಯನ್ನೂ ಕೊಟ್ಟರು. ಲೆಕ್ಕವನ್ನು ಸಲೀಸಾಗಿ ಬಿಡಿಸಿದ ಎಷ್ಟೋ ಮಂದಿ ಬಲ್ಬಿನ ಪ್ರಶ್ನೆಯಲ್ಲಿ ಎಡವಿದರು.

ಪರಿಹಾರ ಸಿಕ್ಕಿದ್ದು ಬಹುಮಟ್ಟಿಗೆ ಆಕಸ್ಮಿಕವಾಗಿ. ಒಂದು ಪ್ರಶ್ನೆಯನ್ನು ಎರಡು ಬಾರಿ ಬಿಡಿಸಿ ಹೇಳಿದರೂ ಮುಖಗಳಲ್ಲಿ ಗೊಂದಲ ಹೋಗದಿದ್ದಾಗ, ದಾರಿ ಕಾಣದೆ, ‘ನೀವು ನೀವೇ ಮಾತಾಡಿಕೊಳ್ಳಿ’ ಎಂದುಬಿಟ್ಟರು. ತರಗತಿ ಸಂತೆಯಾಯಿತು. ಆದರೆ ಕೆಲವೇ ನಿಮಿಷಗಳಲ್ಲಿ ಹೆಚ್ಚಿನವರು ಸರಿಯುತ್ತರಕ್ಕೆ ಬಂದಿದ್ದರು! ವಿಷಯ ಈಗಷ್ಟೇ ಅರ್ಥವಾದವನಿಗೆ ಅದು ಎಲ್ಲಿ ತೊಡಕಾಗುತ್ತದೆಂಬ ನೆನಪು ಹಸಿಯಾಗಿರುತ್ತದೆ. ಇಪ್ಪತ್ತು ವರ್ಷದ ಹಿಂದೆ ಕಲಿತ ಪ್ರೊಫೆಸರರಿಗೆ ಆ ನೆನಪು ಮಾಸಿಹೋಗಿರುತ್ತದೆ.

ಇದನ್ನೇ ಮಝೂರ್ ಒಂದು ಕ್ರಮವನ್ನಾಗಿ ಮಾಡಿದರು. ಸ್ವಲ್ಪ ಪಾಠ, ನಂತರ ಒಂದು ಪ್ರಶ್ನೆ. ಪ್ರತಿಯೊಬ್ಬರೂ ಮೊದಲು ತಾವೇ ಯೋಚಿಸಿ ಉತ್ತರ ಆರಿಸಬೇಕು, ಆಮೇಲೆ ಪಕ್ಕದವರ ಜೊತೆ ವಾದಿಸಬೇಕು, ಕೊನೆಗೆ ಮತ್ತೊಮ್ಮೆ ಉತ್ತರ ಆರಿಸಬೇಕು. ಮತ ಎಣಿಸಲು ಈಗ ಗುಂಡಿ ಒತ್ತುವ ಉಪಕರಣಗಳಿವೆ, ನಿಜ. ಆದರೆ ಕೈ ಎತ್ತಿಸಿ, ಅಕ್ಷರ ಬರೆದ ರಟ್ಟಿನ ಚೀಟಿ ಎತ್ತಿಹಿಡಿಸಿಯೂ ಈ ಕೆಲಸ ನಡೆಯುತ್ತದೆ. ನಮ್ಮ ಹಳ್ಳಿಯ ಹೈಸ್ಕೂಲಿಗೂ ಇದು ದುಬಾರಿಯೇನಲ್ಲ.

ಒಂದು ತರಗತಿಯ ಅನುಭವ ಪುರಾವೆಯಾಗದು. ಇಂಡಿಯಾನಾ ವಿಶ್ವವಿದ್ಯಾಲಯದ ರಿಚರ್ಡ್ ಹೇಕ್ 62 ಕೋರ್ಸುಗಳ 6,542 ವಿದ್ಯಾರ್ಥಿಗಳ ಅಂಕಗಳನ್ನು ಒಟ್ಟುಮಾಡಿ 1998ರಲ್ಲಿ ಪ್ರಕಟಿಸಿದರು. ಮೊದಲ ಪರೀಕ್ಷೆಯಲ್ಲಿ ನೂರಕ್ಕೆ 40 ಪಡೆದವನಿಗೆ ಇನ್ನು ಗಳಿಸಲು ಉಳಿದದ್ದು 60. ಅದರಲ್ಲಿ ಎಷ್ಟು ಪಾಲನ್ನು ಗಳಿಸಿದ ಎಂಬುದೇ ಅವರ ಅಳತೆಗೋಲು. ಮಾಮೂಲಿ ಪಾಠದ 14 ಕೋರ್ಸುಗಳಲ್ಲಿ ಈ ಪಾಲು ಸರಾಸರಿ ಶೇ 23. ವಿದ್ಯಾರ್ಥಿಗಳನ್ನು ಮಾತಿಗೆ, ಕೆಲಸಕ್ಕೆ ಎಳೆದ 48 ಕೋರ್ಸುಗಳಲ್ಲಿ ಶೇ 48. ದುಪ್ಪಟ್ಟು! ಹಾಗಿದ್ದರೂ ಅಲ್ಲಿ ಕೂಡ ಅರ್ಧಕ್ಕಿಂತ ಹೆಚ್ಚು ಕಲಿಯದೇ ಉಳಿಯಿತು ಎಂಬುದನ್ನು ಮರೆಯುವಂತಿಲ್ಲ.

ಈ ಕೆಲಸಕ್ಕೆ ತೂಕ ತಂದವರಲ್ಲಿ 2001ರ ಭೌತಶಾಸ್ತ್ರ ನೊಬೆಲ್ ಹಂಚಿಕೊಂಡ ಕಾರ್ಲ್ ವೀಮನ್ ಒಬ್ಬರು. ಕೆನಡಾದಲ್ಲಿ ಅವರ ತಂಡ, ಒಂದೇ ಕೋರ್ಸಿನ ಎರಡು ದೊಡ್ಡ ವಿಭಾಗಗಳಿಗೆ ಒಂದು ವಾರದ ಮಟ್ಟಿಗೆ ಎರಡು ರೀತಿಯ ಪಾಠ ಏರ್ಪಡಿಸಿತು. ಒಂದು ಕಡೆ ಹೆಸರು ಮಾಡಿದ ಅನುಭವಿ ಪ್ರಾಧ್ಯಾಪಕರ ಉಪನ್ಯಾಸ. ಇನ್ನೊಂದು ಕಡೆ ಅನುಭವವಿಲ್ಲದ, ಆದರೆ ಹೊಸ ವಿಧಾನದಲ್ಲಿ ತರಬೇತಾದ ಶಿಕ್ಷಕ. ಬಳಿಕದ ಕಿರುಪರೀಕ್ಷೆಯಲ್ಲಿ ಮೊದಲ ಗುಂಪಿನ ಸರಾಸರಿ ಶೇ 41, ಎರಡನೆಯದರದು ಶೇ 74. ಇದು 2011ರ ವರದಿ.

ತಂದೆತಾಯಿಯರು ಗಮನಿಸಬೇಕಾದ ಇನ್ನೊಂದು ಅಧ್ಯಯನ 2019ರಲ್ಲಿ ಹಾರ್ವರ್ಡಿನಿಂದಲೇ ಬಂತು. ಅಲ್ಲಿಯೂ ಎರಡು ಬಗೆಯ ಪಾಠ. ತಾವೇ ತಿಣುಕಿ ಕಲಿತವರು ಹೆಚ್ಚು ಕಲಿತಿದ್ದರು. ಆದರೆ ‘ಎಷ್ಟು ಕಲಿತೆ ಅನಿಸುತ್ತದೆ?’ ಎಂದು ಕೇಳಿದಾಗ, ನಿರರ್ಗಳ ಉಪನ್ಯಾಸ ಕೇಳಿದವರೇ ತಾವು ಹೆಚ್ಚು ಕಲಿತೆವೆಂದು ಹೇಳಿದರು! ‘ಆ ಸರ್ ಪಾಠ ಮಾಡಿದರೆ ಎಲ್ಲಾ ಅರ್ಥವಾಗುತ್ತೆ ಅಮ್ಮ’ ಎಂದು ಟ್ಯೂಷನ್ನಿಗೆ ಹಣ ಕಟ್ಟಿಸಿಕೊಳ್ಳುವ ಮಗ ಸುಳ್ಳು ಹೇಳುತ್ತಿಲ್ಲ. ಅವನಿಗೆ ಹಾಗೆ ನಿಜವಾಗಿಯೂ ಅನಿಸುತ್ತಿರುತ್ತದೆ. ಕೋಚಿಂಗ್ ಕೇಂದ್ರಗಳ ಜಾಹೀರಾತಿನಲ್ಲಿ ರ‍್ಯಾಂಕುಗಳ ಫೋಟೊ ಇರುತ್ತದೆಯೇ ಹೊರತು, ನಾಣ್ಯದಂಥ ಪ್ರಶ್ನೆಗೆ ಅವರ ಮಕ್ಕಳು ಏನೆಂದರು ಎಂಬುದಿರುವುದಿಲ್ಲ.

ಕಿತ್ತಳೆ ಹಣ್ಣಿನೊಳಗಿನ ಮನೆ

ಈ ತಪ್ಪುಕಲ್ಪನೆಗಳು ಕಾಲೇಜಿನಲ್ಲಿ ಹುಟ್ಟುವುದಿಲ್ಲ. ಮನೋವಿಜ್ಞಾನಿ ಸ್ಟೆಲ್ಲಾ ವೋಸ್ನಿಯಾಡು ಮತ್ತು ವಿಲಿಯಂ ಬ್ರೂವರ್, ಅಮೆರಿಕದ ಇಲಿನಾಯ್‌ನಲ್ಲಿ 1, 3 ಮತ್ತು 5ನೇ ತರಗತಿಯ 60 ಮಕ್ಕಳ ಜೊತೆ ಮಾತನಾಡಿದ್ದರು. ಭೂಮಿ ಯಾವ ಆಕಾರದ್ದು ಎಂದರೆ ‘ದುಂಡಗೆ’ ಎಂಬ ಉತ್ತರ ಥಟ್ಟನೆ ಬರುತ್ತಿತ್ತು. ಬಹಳ ದಿನ ನೇರವಾಗಿ ನಡೆಯುತ್ತಾ ಹೋದರೆ ಎಲ್ಲಿ ಮುಟ್ಟುತ್ತೀಯಾ, ಭೂಮಿಗೆ ಅಂಚು ಇದೆಯಾ ಎಂದು ಕೆದಕಿದಾಗ ಒಳಗಿನ ಚಿತ್ರ ಹೊರಬಿತ್ತು. ಕೆಲವರಿಗೆ ಭೂಮಿ ದೋಸೆಯಂತೆ ದುಂಡಗೆ, ಚಪ್ಪಟೆ. ಕೆಲವರಿಗೆ ಎರಡು ಭೂಮಿ: ನಾವು ನಿಂತಿರುವುದೊಂದು, ಆಕಾಶದಲ್ಲಿ ತೇಲುವ ಗೋಳ ಇನ್ನೊಂದು. ಇನ್ನು ಕೆಲವರ ಪ್ರಕಾರ ಭೂಮಿ ಟೊಳ್ಳು ಗೋಳ. ಜನರಿರುವುದು ಅದರೊಳಗಿನ ಸಮತಟ್ಟು ನೆಲದ ಮೇಲೆ! 1992ರಲ್ಲಿ ಪ್ರಕಟವಾದ ಈ ಅಧ್ಯಯನವನ್ನು ಇದೇ ಸಂಶೋಧಕರು ಅಲಾ ಸಮರಪುಂಗವನ್ ಜೊತೆಗೂಡಿ ಹೈದರಾಬಾದಿನ ಮಕ್ಕಳಲ್ಲೂ ನಡೆಸಿ, 1996ರಲ್ಲಿ ಪ್ರಕಟಿಸಿದರು. ಇಲ್ಲಿನ ಅನೇಕ ಮಕ್ಕಳ ಭೂಮಿ ನೀರಿನ ಮೇಲೆ ನಿಂತಿತ್ತು. ಅಜ್ಜಿ ಹೇಳಿದ ಕಥೆಯನ್ನೂ ಟೀಚರ್ ಹೇಳಿದ ಪಾಠವನ್ನೂ ಮಗು ತನ್ನದೇ ಜಾಣ್ಮೆಯಿಂದ ಹೊಂದಿಸಿಕೊಂಡಿತ್ತು.

ನಮ್ಮ ದೇಶದಲ್ಲಿ ಈ ಕ್ಷೇತ್ರದ ಮುಖ್ಯ ಮನೆ ಮುಂಬಯಿಯ ಹೋಮಿ ಭಾಭಾ ವಿಜ್ಞಾನ ಶಿಕ್ಷಣ ಕೇಂದ್ರ. ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ಅಂಗವಾಗಿ 1974ರಲ್ಲಿ ಶುರುವಾದದ್ದು. ಅದರ ಸ್ಥಾಪಕ ನಿರ್ದೇಶಕ ವಿ.ಜಿ. ಕುಲಕರ್ಣಿ ಮತ್ತು ಸಂಗಡಿಗರ ಆರಂಭದ ಅಧ್ಯಯನಗಳಲ್ಲಿ ಒಂದು ನಮಗೆ ಹತ್ತಿರದ್ದು. ಪಠ್ಯದ ಭಾಷೆ ಗಡುಸಾದಾಗ ಮಗು ಸೋಲುವುದು ವಿಜ್ಞಾನದಲ್ಲಲ್ಲ, ವಾಕ್ಯದಲ್ಲಿ. ಭಾಷೆಯನ್ನು ಸರಳಗೊಳಿಸಿದಾಗ ವಿಜ್ಞಾನದ ಕಲಿಕೆಯೂ ಸುಧಾರಿಸುತ್ತದೆ ಎಂದು ಅವರು ಕಂಡುಕೊಂಡರು.

ಇದಕ್ಕಿಂತ ಸಾಹಸದ ಪ್ರಯೋಗ ನಡೆದದ್ದು ಮಧ್ಯಪ್ರದೇಶದ ಹೋಶಂಗಾಬಾದ್ ಜಿಲ್ಲೆಯಲ್ಲಿ. 1972ರಲ್ಲಿ ಕಿಶೋರ್ ಭಾರತಿ ಮತ್ತು ರಸೂಲಿಯಾದ ಫ್ರೆಂಡ್ಸ್ ರೂರಲ್ ಸೆಂಟರ್ ಎಂಬ ಎರಡು ಸಂಸ್ಥೆಗಳು 16 ಮಾಧ್ಯಮಿಕ ಶಾಲೆಗಳನ್ನು ಆರಿಸಿಕೊಂಡವು. ದೆಹಲಿ ವಿಶ್ವವಿದ್ಯಾಲಯದ, ಟಾಟಾ ಸಂಸ್ಥೆಯ ವಿಜ್ಞಾನಿಗಳು ಹಳ್ಳಿ ಮೇಷ್ಟ್ರುಗಳ ಜೊತೆ ಕೂತು ಪಾಠ ಕಟ್ಟಿದರು. ಮಕ್ಕಳು ಗುಂಪು ಗುಂಪಾಗಿ ಪ್ರಯೋಗ ಮಾಡಿ ತಾವೇ ತೀರ್ಮಾನ ಬರೆಯಬೇಕು. ಪರೀಕ್ಷೆಗೆ ಪುಸ್ತಕ ತೆಗೆದುಕೊಂಡು ಹೋಗಬಹುದು, ಏಕೆಂದರೆ ಪ್ರಶ್ನೆಗಳ ಉತ್ತರ ಪುಸ್ತಕದಲ್ಲಿ ಇರುತ್ತಲೇ ಇರಲಿಲ್ಲ! ತಲೆಗೆ ಹೊಳೆದದ್ದನ್ನೆಲ್ಲ ಕೇಳಿ ಕಾಗದ ಬರೆಯಲು ‘ಸವಾಲಿರಾಮ್’ ಎಂಬ ಕಾಲ್ಪನಿಕ ಗೆಳೆಯನೊಬ್ಬನಿದ್ದ. ಸೈಕಲ್ಲಿನ ವಾಲ್ವ್ ಟ್ಯೂಬು, ಬೆಂಕಿಕಡ್ಡಿಗಳಿಂದ ಆಕೃತಿ ಕಟ್ಟುವುದನ್ನು ಅರವಿಂದ ಗುಪ್ತಾ ಶುರುಮಾಡಿದ್ದೂ 1978ರಲ್ಲಿ, ಇದೇ ಪ್ರಯೋಗದ ನಡುವೆ. ಅದೇ ವರ್ಷ ಕಾರ್ಯಕ್ರಮ ಇಡೀ ಜಿಲ್ಲೆಗೆ ಹಬ್ಬಿತು. 1982ರಲ್ಲಿ ಹುಟ್ಟಿದ ಏಕಲವ್ಯ ಸಂಸ್ಥೆ ಅದನ್ನು ಮುಂದುವರಿಸಿತು. 2002ರಲ್ಲಿ ರಾಜ್ಯ ಸರ್ಕಾರ ಅದನ್ನು ನಿಲ್ಲಿಸಿ, ಆ ಶಾಲೆಗಳಿಗೂ ಉಳಿದೆಡೆಯ ಪಠ್ಯಪುಸ್ತಕವನ್ನೇ ಕೊಟ್ಟಿತು. ಮೂವತ್ತು ವರ್ಷ ನಡೆದ ಕೆಲಸ ಹಾಗೆ ನಿಂತದ್ದು ಸಣ್ಣ ನಷ್ಟವಲ್ಲ.

ವಿಜ್ಞಾನದಲ್ಲಿ ಆಸಕ್ತಿಯಿದ್ದು, ಪಾಠ ಹೇಳುವುದರಲ್ಲೂ ಒಲವಿರುವ ಹುಡುಗ ಹುಡುಗಿಯರಿಗೆ ಇಲ್ಲಿ ದಾರಿಗಳಿವೆ. ಮೈಸೂರಿನ ಪ್ರಾದೇಶಿಕ ಶಿಕ್ಷಣ ಸಂಸ್ಥೆ 1960ರ ದಶಕದಲ್ಲೇ ವಿಜ್ಞಾನ ಮತ್ತು ಶಿಕ್ಷಣ ಎರಡನ್ನೂ ಒಟ್ಟಿಗೆ ಕಲಿಸುವ ನಾಲ್ಕು ವರ್ಷದ ಪದವಿಯನ್ನು ಆರಂಭಿಸಿತ್ತು. ಸಂಶೋಧನೆಗೇ ಹೋಗುವವರು ಮುಂಬಯಿಯ ಹೋಮಿ ಭಾಭಾ ಕೇಂದ್ರದಲ್ಲಿ ವಿಜ್ಞಾನ ಶಿಕ್ಷಣದಲ್ಲಿ ಪಿಎಚ್.ಡಿ. ಮಾಡಬಹುದು. ಕನ್ನಡ ಮಾಧ್ಯಮದ ಮಗುವಿಗೆ ‘ಬಲ’, ‘ಶಕ್ತಿ’, ‘ಕೆಲಸ’ ಎಂಬ ಪದಗಳು ಮೊದಲ ಬಾರಿ ಭೌತಶಾಸ್ತ್ರದ ವೇಷದಲ್ಲಿ ಎದುರಾದಾಗ ತಲೆಯೊಳಗೆ ಏನಾಗುತ್ತದೆ ಎಂಬುದೇ ಒಂದು ಪ್ರಬಂಧಕ್ಕೆ ಸಾಲುವಷ್ಟು ದೊಡ್ಡ ವಿಷಯ. ಅದಕ್ಕೆ ಬೇಕಾದ ಪ್ರಯೋಗಶಾಲೆ ಊರೂರಿನ ಏಳನೇ ತರಗತಿಯಲ್ಲಿದೆ.