ಹಳೆಯ ಕಾರಿನ ಟೈಮಿಂಗ್ ಬೆಲ್ಟ್: ಯಾವಾಗ ಬದಲಿಸಬೇಕು?

ಊರು ಬಿಟ್ಟು ದುಡಿಯಲು ಬಂದ ನಮ್ಮಂಥವರು ಕಾರು ಕೊಳ್ಳುವುದಾದರೆ ಸಾಮಾನ್ಯವಾಗಿ ಹಳೆಯದನ್ನೇ ಕೊಳ್ಳುತ್ತೇವೆ. ಬಣ್ಣ ನೋಡುತ್ತೇವೆ, ಟೈರು ನೋಡುತ್ತೇವೆ, ಒಂದು ಸುತ್ತು ಓಡಿಸಿಯೂ ನೋಡುತ್ತೇವೆ. ಆದರೆ ಮುಚ್ಚಳದ ಮರೆಯಲ್ಲಿರುವ ಒಂದು ರಬ್ಬರು ಪಟ್ಟಿಯ ವಿಚಾರ ಕೇಳುವುದಿಲ್ಲ. ಅದೇ ಟೈಮಿಂಗ್ ಬೆಲ್ಟ್.

ಇದರ ಕೆಲಸವೇನು? ಪಿಸ್ಟನ್ನುಗಳು ಕ್ರ್ಯಾಂಕ್ ಶಾಫ್ಟನ್ನು ತಿರುಗಿಸುತ್ತವೆ. ಗಾಳಿಯನ್ನು ಒಳಕ್ಕೂ ಹೊಗೆಯನ್ನು ಹೊರಕ್ಕೂ ಬಿಡುವ ವಾಲ್ವುಗಳನ್ನು ಕ್ಯಾಮ್ ಶಾಫ್ಟ್ ತೆರೆಯುತ್ತದೆ. ಕ್ರ್ಯಾಂಕ್ ಎರಡು ಸುತ್ತು ಬರುವಾಗ ಕ್ಯಾಮ್ ಒಂದು ಸುತ್ತು ಬರಬೇಕು. ಈ ತಾಳ ತಪ್ಪದಂತೆ ಹಿಡಿದಿರುವುದು ಹಲ್ಲುಗಳುಳ್ಳ ಈ ಪಟ್ಟಿ. ಓಡುವಾಗ ಅದು ಹರಿದರೆ ಕ್ಯಾಮ್ ನಿಲ್ಲುತ್ತದೆ, ಪಿಸ್ಟನ್ನು ನಿಲ್ಲುವುದಿಲ್ಲ. ಹಲವು ಎಂಜಿನ್ನುಗಳಲ್ಲಿ ತೆರೆದು ನಿಂತ ವಾಲ್ವಿಗೆ ಪಿಸ್ಟನ್ನು ಬಡಿದು ವಾಲ್ವು ಬಾಗುತ್ತದೆ. ಆಗ ಎಂಜಿನ್ನು ಬಿಚ್ಚದೆ ಗತ್ಯಂತರವಿಲ್ಲ. ವರ್ಷಗಟ್ಟಲೆ ಕೂಡಿಟ್ಟ ಹಣ ಒಂದೇ ಗಳಿಗೆಯಲ್ಲಿ ಮುಳುಗಬಹುದು.

ಎಲ್ಲ ಕಾರಿಗೂ ಈ ಪಟ್ಟಿ ಇಲ್ಲ. 2023ರವರೆಗೆ ಮುಂಬಯಿಯಲ್ಲಿ ಟ್ಯಾಕ್ಸಿಯಾಗಿ ಓಡಿದ ಪ್ರೀಮಿಯರ್ ಪದ್ಮಿನಿಗೆ ಇದ್ದದ್ದು ಸರಪಳಿ. ಮಾರುತಿ 800, ಹಳೆಯ ಸ್ಯಾಂಟ್ರೊ, ಇಂಡಿಕಾ ಡೀಸೆಲ್‌ಗಳಿಗೆ ಇರುವುದು ಪಟ್ಟಿ. ಹೆಸರು ನೋಡಿ ನಿರ್ಣಯಿಸಬಾರದು: ಆಲ್ಟೊ 800ಕ್ಕೆ ಪಟ್ಟಿ, ಆಲ್ಟೊ ಕೆ10ಕ್ಕೆ ಸರಪಳಿ. ಆದ್ದರಿಂದ ಕಾರಿನೊಡನೆ ಬರುವ ಕೈಪುಸ್ತಕವನ್ನೇ ನೋಡತಕ್ಕದ್ದು.

ಪಟ್ಟಿ ಬದಲಿಸುವ ಅವಧಿಯೂ ಅದರಲ್ಲೇ ಇರುತ್ತದೆ. ಎಂಜಿನ್ನಿಗೆ ತಕ್ಕಂತೆ ಅದು ಬೇರೆಬೇರೆ. ಕಿಲೋಮೀಟರು, ವರ್ಷ ಎರಡನ್ನೂ ಹೇಳಿದ್ದರೆ, ಯಾವುದು ಮೊದಲು ತುಂಬುವುದೋ ಅದೇ ಲೆಕ್ಕ. ಕಾರು ಹೆಚ್ಚು ಓಡಿಲ್ಲವೆಂದು ಸಮಾಧಾನಪಡುವಂತಿಲ್ಲ. ನಿಂತಲ್ಲಿಯೇ ರಬ್ಬರಿಗೆ ವಯಸ್ಸಾಗುತ್ತದೆ. ಸಿಗ್ನಲ್ಲಿನಲ್ಲಿ ಗಾಡಿ ನಿಂತಿದ್ದರೂ ಎಂಜಿನ್ನು ತಿರುಗುತ್ತಿರುವಷ್ಟು ಹೊತ್ತೂ ಪಟ್ಟಿ ದುಡಿಯುತ್ತಿರುತ್ತದೆ. ಮೀಟರಿನಲ್ಲಿ ಮಾತ್ರ ಅದು ಕಾಣುವುದಿಲ್ಲ. ಆ ಮೀಟರನ್ನು ಹಿಂದಕ್ಕೆ ತಿರುಗಿಸಿ ಮಾರುವವರೂ ಇದ್ದಾರೆ.

‘ಈಚೆಗೆ ಬದಲಿಸಿದ್ದೇವೆ’ ಎಂದು ಮಾರುವವರು ಹೇಳಿದರೆ ಬಿಲ್ಲು ಕೇಳಬೇಕು. ಅದರಲ್ಲಿ ಕಾರಿನ ನಂಬರು, ತಾರೀಖು, ಕಿಲೋಮೀಟರು, ಹಾಕಿದ ಸಾಮಾನು ನಮೂದಾಗಿರಬೇಕು. ಬಿಲ್ಲು ಇಲ್ಲದಿದ್ದರೆ ಬದಲಿಸಿಲ್ಲವೆಂದೇ ತಿಳಿದು ಆ ಖರ್ಚನ್ನು ಕಾರಿನ ಬೆಲೆಯಲ್ಲಿ ಇಳಿಸಿಕೊಳ್ಳುವುದು ಜಾಣತನ.

ಮುಚ್ಚಳ ತೆಗೆಸಿದಾಗ ಬಿರುಕು, ಎದ್ದ ನೂಲು, ಮುರಿದ ಹಲ್ಲು, ಎಣ್ಣೆಯ ಅಥವಾ ನೀರಿನ ಪಸೆ ಕಂಡರೆ ಅವಧಿಗೆ ಕಾಯಬಾರದು. ಆದರೆ ನೋಡಲು ಚೆನ್ನಾಗಿದೆಯೆಂಬ ಕಾರಣಕ್ಕೆ ಅವಧಿ ಮೀರಿದ ಪಟ್ಟಿಯನ್ನು ಉಳಿಸಿಕೊಳ್ಳಲೂಬಾರದು. ಎಷ್ಟೋ ಸಲ ಅದು ಮುನ್ಸೂಚನೆ ಕೊಡದೆ ಹರಿಯುತ್ತದೆ.

ಬದಲಿಸುವಾಗ ಪಟ್ಟಿಯನ್ನು ಬಿಗಿಹಿಡಿಯುವ ಟೆನ್ಷನರನ್ನೂ ಬದಲಿಸಿ. ನೀರಿನ ಪಂಪು ಇದೇ ಪಟ್ಟಿಯಿಂದ ತಿರುಗುವಂತಿದ್ದರೆ ಅದನ್ನೂ ಆಗಲೇ ಹಾಕಿಸಿ. ಮುಂದೆ ಪಂಪು ಸೋರಿದರೆ ಮತ್ತೆ ಅದೇ ಬಿಚ್ಚುವ ಕೂಲಿ ತೆರಬೇಕಾಗುತ್ತದೆ. ಕೆಲಸ ಮುಗಿದ ದಿನ ತಾರೀಖು, ಕಿಲೋಮೀಟರು ಎರಡನ್ನೂ ಬರೆದು ಬಿಲ್ಲಿನೊಡನೆ ಕಾರಿನ ಕಾಗದಗಳಲ್ಲಿ ಇಡಿ. ನಾಳೆ ನಾವೇ ಮಾರುವಾಗ, ಕೊಳ್ಳುವವರಿಗೆ ತೋರಿಸಲು ಆ ಚೀಟಿ ಬೇಕಾಗುತ್ತದೆ.